ಎಲ್ಲರಿಗೂ ಒಂದೇ ಪಾಸ್‌ವರ್ಡ್

ಹೋದ ತಿಂಗಳು ಮಗಳ ಶಾಲೆಯಲ್ಲಿ ಪಾಲಕರ ಸಭೆ ಇತ್ತು. ಸಿಂದಗಿಯ ಆ ಶಾಲೆಯಲ್ಲಿ ಕಂಪ್ಯೂಟರ್ ಕೋಣೆ ಹೊಸದಾಗಿ ಸಜ್ಜಾಗಿದೆಯೆಂದು ನಮ್ಮನ್ನೆಲ್ಲ ಒಳಗೆ ಕರೆದೊಯ್ದರು. ಬಾಗಿಲು ತೆರೆದದ್ದೇ ತಡ, ಬಿಸಿಯಾದ ಪ್ಲಾಸ್ಟಿಕ್ಕು, ಊದಿನಕಡ್ಡಿ, ಪರದೆಯ ಧೂಳು ಎಲ್ಲ ಕೂಡಿದ ವಾಸನೆಯೊಂದು ಮೂಗಿಗೆ ಬಡಿಯಿತು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಕೆಲವರಿಗೆ ಆಸ್ಪತ್ರೆಯ ವಾಸನೆಗೆ ಹೀಗಾಗುತ್ತದಂತೆ. ನಗಬೇಡಿ, ನಾನು ಪತ್ತಿನ ಸಂಘವೊಂದರಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆಯೇ ಕೂತು ಸಂಬಳ ಎಣಿಸುವವಳು. ಆ ಕಂಪ್ಯೂಟರಿಗೆ ನಾನು ಹೆದರುವುದಿಲ್ಲ. ಶಾಲೆಯ ಕಂಪ್ಯೂಟರಿಗೆ ಮಾತ್ರ ಇನ್ನೂ ಹೆದರುತ್ತೇನೆ.

ಸಭೆಯಲ್ಲಿ ಗುರುಮಾತೆಯೊಬ್ಬರು ಕಂಪ್ಯೂಟರ್ ಬಳಸುವ ನಿಯಮಗಳನ್ನು ಓದುತ್ತಿದ್ದರು. ಪಾಲಕರು ತಮ್ಮ ತಮ್ಮ ಮೊಬೈಲ್ ನೋಡುತ್ತ ಹೂಂಗುಟ್ಟುತ್ತಿದ್ದರು. ನಾನೊಬ್ಬಳೇ ಒಂದೊಂದನ್ನೂ ಕಿವಿಗೊಟ್ಟು ಕೇಳುತ್ತಿದ್ದೆ. ನಿಯಮಗಳೆಂದರೆ ನನಗೆ ಸಣ್ಣ ಮಾತಲ್ಲ. ಅಂಥದೊಂದು ನಿಯಮ ನನ್ನ ಶಾಲೆಯನ್ನೇ ಬಿಡಿಸಲು ಹೊರಟಿತ್ತು.

ಆಗ ನಾವು ಮುದ್ದೇಬಿಹಾಳದಲ್ಲಿದ್ದೆವು. ಮಾರುಕಟ್ಟೆ ಯಾರ್ಡಿನಲ್ಲಿ ಅಪ್ಪನದು ರೈತರ ತೊಗರಿ, ಸೂರ್ಯಕಾಂತಿ ಮಾರಿಸಿಕೊಡುವ ಅಡತಿ ಅಂಗಡಿ. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಒಂಬತ್ತನೆಯ ಇಯತ್ತೆ. ಊರಲ್ಲಿ ಇಂಟರ್‌ನೆಟ್ ಎಂಬ ಶಬ್ದ ಆಗತಾನೇ ಓಡಾಡುತ್ತಿತ್ತು. ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಸೈಬರ್ ಕೆಫೆ ಬಂದಿತ್ತು. ಅದರ ಮುಂದೆ ಹಾಯುವಾಗ ನಾವು ಹುಡುಗಿಯರು ತಲೆ ಬಗ್ಗಿಸಿಕೊಂಡು ದಾಟಬೇಕು ಎಂಬುದು ಯಾರೂ ಬರೆದಿಡದ ಕಾಯಿದೆ. ಅಂಥದ್ದರಲ್ಲಿ ನಮ್ಮ ಶಾಲೆಗೇ ಕಂಪ್ಯೂಟರುಗಳು ಬಂದವು. ಆಟದ ಸಾಮಾನು ಇಡುವ ಕೋಣೆಯನ್ನು ಖಾಲಿ ಮಾಡಿ, ಸುಣ್ಣ ಬಳಿದು, ಕಿಟಕಿಗೆ ಪರದೆ ಕಟ್ಟಿ ಅವನ್ನು ಕೂಡಿಸಿದರು. ಶುಕ್ರವಾರಕ್ಕೊಮ್ಮೆ ಅವಕ್ಕೆ ಕುಂಕುಮ, ಊದಿನಕಡ್ಡಿ. ಇಂಟರ್‌ನೆಟ್ ಹಚ್ಚಿದರೆ ಫೋನಿನ ಡಬ್ಬಿ ಕಿರ್ರೆಂದು ಕೂಗುತ್ತಿತ್ತು, ಆಫೀಸಿನ ಫೋನು ಸತ್ತುಹೋಗುತ್ತಿತ್ತು.

ನಮ್ಮ ಹೆಡ್‌ಸರ್ ಒಳ್ಳೆಯ ಮನುಷ್ಯ, ಆದರೆ ಭಯಸ್ಥ. ಹೆಣ್ಣುಮಕ್ಕಳ ಶಾಲೆ, ನಾಳೆ ಏನಾದರೂ ಆದರೆ ಊರು ಯಾರನ್ನು ಹಿಡಿದು ಕೇಳುತ್ತದೆ ಎಂಬ ಚಿಂತೆಯಲ್ಲಿ ತಗಡಿನ ಹಲಗೆಯ ಮೇಲೆ ಕಾಯಿದೆಗಳನ್ನು ಬರೆಸಿ ಗೋಡೆಗೆ ಹೊಡೆಸಿದರು. ಚಪ್ಪಲಿ ಹೊರಗೆ ಬಿಡಬೇಕು. ಕೈ ತೊಳೆದು ಒರೆಸಿಕೊಳ್ಳಬೇಕು. ಟೀಚರ್ ಹೇಳಿದ್ದನ್ನು ಬಿಟ್ಟು ಬೇರೇನೂ ತೆರೆಯಬಾರದು. ಕೊನೆಯದು, ಅವರು ಬಹಳ ಹೆಮ್ಮೆಯಿಂದ ಪಾಲಕರಿಗೂ ಓದಿ ಹೇಳಿದ್ದು: ಎಲ್ಲರಿಗೂ ಒಂದೇ ಪಾಸ್‌ವರ್ಡ್. ಯಾವ ಹುಡುಗಿ ಯಾರಿಗೆ ಏನು ಬರೆದಳೆಂದು ಶಿಕ್ಷಕರು ಯಾವಾಗ ಬೇಕಾದರೂ ತೆರೆದು ನೋಡಬಹುದು, ಮುಚ್ಚುಮರೆ ಏನೂ ಇಲ್ಲ. ಆ ದಿನ ಅಪ್ಪ ಸಮಾಧಾನದಿಂದ ತಲೆದೂಗಿದ್ದು ನನಗೆ ನೆನಪಿದೆ.

ಹೀಗೆ ನಮಗೆಲ್ಲ ಒಂದೊಂದು ಇ-ಮೇಲ್ ವಿಳಾಸವಾಯಿತು. ನನ್ನ ಮೊದಲ ಮೇಲ್ ಪಕ್ಕದಲ್ಲೇ ಕೂತಿದ್ದ ಗೆಳತಿಗೆ. 'ಮಾನ್ಯರೇ' ಎಂದು ಶುರುಮಾಡಿ, ನಾನು ಕ್ಷೇಮ, ತಮ್ಮ ಕ್ಷೇಮದ ಬಗ್ಗೆ ಬರೆಯಿರಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕಳಿಸಿ, ತಕ್ಷಣ ತಿರುಗಿ ಮುಟ್ಟಿತೇ ಎಂದು ಕೇಳಿದೆ. ಇಲ್ಲ ಅಂದಳು. ಫೋನಿನ ತಂತಿ ಕಡಿದಿತ್ತು. ನನ್ನ ಕ್ಷೇಮಸಮಾಚಾರ ಪಕ್ಕದ ಕುರ್ಚಿಗೆ ತಲುಪಲು ಒಂದು ವಾರ ಹಿಡಿಯಿತು.

ಆಮೇಲೆ ಒಂದು ಸಂಜೆ ಕಾಕಾ, ಅಂದರೆ ಅಪ್ಪನ ತಮ್ಮ, ಅಂಗಡಿಯಿಂದ ಬೇಗನೆ ಬಂದ. ಬೈಕು ನಿಲ್ಲಿಸಿದ ರೀತಿಯಲ್ಲೇ ಏನೋ ಆಗಿದೆಯೆಂದು ತಿಳಿಯಿತು. ಕಿಸೆಯಿಂದ ಒಂದು ಹಾಳೆ ತೆಗೆದು ಅಪ್ಪನ ಕೈಗಿಟ್ಟ. ನನ್ನ ಇ-ಮೇಲಿನಿಂದ ಕಾಲೇಜು ಹುಡುಗನೊಬ್ಬನಿಗೆ ಹೋದ ಪತ್ರ. ದಿನಾಲೂ ಬಸ್ ಸ್ಟ್ಯಾಂಡಿನಲ್ಲಿ ನಿನ್ನನ್ನು ನೋಡುತ್ತೇನೆ, ಒಮ್ಮೆ ಮಾತಾಡಬೇಕು ಎಂದು ಅದರಲ್ಲಿತ್ತು. ಕೆಳಗೆ ನನ್ನ ಹೆಸರು. ಆ ಹುಡುಗ ಕೆಫೆಯಲ್ಲಿ ಅದನ್ನು ಅಚ್ಚು ತೆಗೆಸಿ ಗೆಳೆಯರಿಗೆಲ್ಲ ಹಂಚಿದ್ದ. ಕಾಕಾನಿಗೆ ಅದು ಚಹಾದ ಅಂಗಡಿಯಲ್ಲಿ ಸಿಕ್ಕಿತ್ತು.

ಆ ಹುಡುಗ ಯಾರೆಂದು ನನಗೆ ಗೊತ್ತಿರಲಿಲ್ಲ. ಅದನ್ನು ಹೇಳಲು ಬಾಯಿ ತೆರೆಯಬೇಕಲ್ಲ, ಯಾರಾದರೂ ಕೇಳಿದರೆ ತಾನೇ? ಅಪ್ಪ ಕೇಳಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗಿಟ್ಟ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ನಾಳೆಯಿಂದ ಸಾಲಿ ಸಾಕು ಎಂದ ಕಾಕಾ. ಅಷ್ಟೇ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ. ಹೊತ್ತುಹೊತ್ತಿಗೆ ತಾಟಿನಲ್ಲಿ ರೊಟ್ಟಿ ಬೀಳುತ್ತಿತ್ತು. ಆದರೆ ನಾನು ಪಡಸಾಲೆಗೆ ಬಂದರೆ ಮಾತು ನಿಲ್ಲುತ್ತಿತ್ತು. ಫೋನು ಬಡಿದರೆ ನನ್ನ ಎದೆಯೂ ಬಡಿಯುತ್ತಿತ್ತು, ಏಕೆಂದರೆ ಅದು ಮೋರಟಗಿಯಿಂದ ಬಂದಿರಬಹುದಿತ್ತು. ಅಲ್ಲಿ ನಮ್ಮ ಆಯಿಯ, ಅಂದರೆ ಅಜ್ಜಿಯ, ತವರಿನ ಕಡೆಯ ಒಂದು ಮನೆತನ ಇತ್ತು, ಆ ಮನೆತನದಲ್ಲಿ ಮದುವೆಗೆ ಬಂದ ಹುಡುಗನೊಬ್ಬ ಇದ್ದ. ಆಯಿ ಫೋನಿನಲ್ಲಿ ದನಿ ತಗ್ಗಿಸಿದಾಗಲೆಲ್ಲ ನಾನು ಜೋಳ ಹಸನು ಮಾಡುತ್ತ ಕೂತಲ್ಲೇ ಕಲ್ಲಾಗುತ್ತಿದ್ದೆ. ಒಂದು ವಿಚಿತ್ರ ಹೇಳುತ್ತೇನೆ. ಕೂತು ಕೂತು ನನಗೇ ಅನುಮಾನ ಬರತೊಡಗಿತ್ತು. ಎಲ್ಲರೂ ನಂಬಿದ್ದಾರೆಂದ ಮೇಲೆ ನಿದ್ದೆಗಣ್ಣಿನಲ್ಲಿ ನಾನೇ ಬರೆದಿರಬಹುದೇ? ಬಿಸಿಲು ನೆತ್ತಿಗೇರಿದಾಗ ಕಂಪ್ಯೂಟರ್ ಪಿರಿಯಡ್ಡು, ನಿದ್ದೆ ಎಲ್ಲಿಂದ ಬರಬೇಕು? ಆದರೂ ಹಾಗನಿಸಿತು.

ನಾನು ಶಾಲೆಗೆ ಬಾರದಿದ್ದುದನ್ನು ಕಂಪ್ಯೂಟರ್ ಕಲಿಸುವ ಸುಮಂಗಲಾ ಟೀಚರ್ ಗಮನಿಸಿದ್ದರು. ಊರ ಮಾತು ಅವರ ಕಿವಿಗೂ ಬಿದ್ದಿತ್ತು. ಒಂದು ಮುಂಜಾನೆ ಟೀಚರ್ ತಾವೇ ಹೆಡ್‌ಸರ್‌ನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು. ಅವ್ವ ಚಹಾ ಮಾಡಿದಳು. ಕಾಕಾ ಅಪ್ಪನಿಂದ ಆ ಹಾಳೆಯನ್ನು ತೆಗೆದುಕೊಂಡು ಸರ್ ಮುಂದೆ ಚಾಚಿದ. ಸರ್ ಓದಿದರು, ಕನ್ನಡಕ ತೆಗೆದರು, ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದ ನನ್ನನ್ನು ಹೊರಗೆ ಕರೆದರು.

"ಇದನ್ನ ನೀ ಬರದಿಯೇನವಾ?"

"ಇಲ್ರಿ ಸರ್."

ಅಷ್ಟು ದಿನದಲ್ಲಿ ನನ್ನನ್ನು ಕೇಳಿದವರು ಅವರೊಬ್ಬರೇ. ಇಲ್ಲ ಎಂದದ್ದೇ ಅಳು ಬಂತು, ಅಳು ಬಂದದ್ದಕ್ಕೆ ಕಾಕಾನ ಸಂಶಯ ಇನ್ನಷ್ಟು ಗಟ್ಟಿಯಾಯಿತು. ಸರ್ ಮಾತ್ರ ಮತ್ತೇನೂ ಕೇಳದೆ, ಅಪ್ಪ ಮತ್ತು ಕಾಕಾ ಒಮ್ಮೆ ಶಾಲೆಗೆ ಬರಬೇಕು, ಮಗಳನ್ನೂ ಕರೆತರಬೇಕು ಎಂದು ಹೇಳಿ ಎದ್ದರು.

ನಾವು ಹೋದಾಗ ಕಂಪ್ಯೂಟರ್ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಪ್ಪ ಚಪ್ಪಲಿ ಬಿಟ್ಟು, ಗುಡಿಯೊಳಗೆ ಹೋದವರಂತೆ ಕೈಕಟ್ಟಿಕೊಂಡು ನಿಂತ. ಸರ್ ಅವನನ್ನು ಕುರ್ಚಿಯಲ್ಲಿ ಕೂಡಿಸಿ, ಮಗಳ ಹೆಸರು ಒತ್ತಿರಿ ಅಂದರು. ನನಗಿದು ಬರುವುದಿಲ್ಲ ಎಂದ ಅಪ್ಪ. ಒಂದೇ ಬೆರಳು ಸಾಕು ಎಂದರು ಸರ್. ಸುಮಂಗಲಾ ಟೀಚರ್ ತೋರಿಸಿದ ಒಂದೊಂದೇ ಅಕ್ಷರವನ್ನು ಅಪ್ಪ ಒತ್ತಿದ. ಆಮೇಲೆ ಇಡೀ ಶಾಲೆಗೆ ಗೊತ್ತಿದ್ದ ಆ ಪಾಸ್‌ವರ್ಡನ್ನೂ ಒತ್ತಿದ. ಪರದೆಯ ಮೇಲೆ ನನ್ನ ಇ-ಮೇಲ್ ತೆರೆದುಕೊಂಡಿತು.

"ಸಾವ್ಕಾರ್ರ, ಈಗ ನಿಮ್ಮ ಮಗಳ ಹೆಸರಿಲೆ ನೀವು ಯಾರಿಗೆ ಬೇಕಾದ್ರೂ ಪತ್ರಾ ಬರೀಬಹುದು," ಅಂದರು ಸರ್. "ನಾನೂ ಬರೀಬಹುದು. ಸಾಲ್ಯಾಗಿನ ಯಾವ ಹುಡುಗಿನೂ ಬರೀಬಹುದು. ಅಕಿನ ಬರದಾಳಂತ ಹೆಂಗ ಹೇಳೂದ್ರಿ?"

ಅಪ್ಪ ಒಲೆ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಕಾಕಾ ಬಿಡಲಿಲ್ಲ, ಹಾಗಾದರೆ ಬರೆದವರು ಯಾರು, ಹುಡುಕಿ ಕೊಡಿ ಎಂದ.

"ಹುಡುಕಿದ್ರ ಇನ್ನೊಂದು ಮನ್ಯಾಗ ಇನ್ನೊಬ್ಬಾಕಿ ಸಾಲಿ ಬಿಡ್ತಾಳ್ರಿ. ನಾ ಹುಡುಕಂಗಿಲ್ಲ. ತಪ್ಪು ನನ್ನ ಕಾಯಿದೇದು ಐತಿ."

ಅಷ್ಟು ದೊಡ್ಡ ಮನುಷ್ಯ ತಪ್ಪು ತನ್ನದು ಅಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಪ್ಪ ಪರದೆಯಿಂದ ಸರ್ ಕಡೆಗೆ ತಿರುಗಿದ. "ನನಗ ತಿಳೀತ್ರಿ ಸರ್. ಊರಿಗೆಲ್ಲಾ ಹಿಂಗ ಒಬ್ಬೊಬ್ಬರನ ಕುಂದರಸಿ ತೋರಸಾಕ ಆಗತೈತೇನ್ರಿ?" ಎಂದ. ಆದರೂ ಅಪ್ಪ ಎದ್ದು, ನಾಳೆಯಿಂದ ಬರುತ್ತಾಳೆ, ಇವನು ಬೈಕಿನಲ್ಲಿ ಬಿಟ್ಟುಹೋಗುತ್ತಾನೆ ಎಂದು ಕಾಕಾನ ಮುಖ ನೋಡದೆ ಹೇಳಿದ.

ಹೊರಡುವ ಮುಂಚೆ ಸರ್ ಇನ್ನೊಂದು ಮಾತು ಹೇಳಿದರು. ಹುಡುಗಿ ಈಗಲೇ ಹೊಸ ಪಾಸ್‌ವರ್ಡ್ ಹಾಕಿಕೊಳ್ಳಲಿ, ನಾವೆಲ್ಲ ಹೊರಗೆ ನಿಲ್ಲೋಣ. ಅಪ್ಪ ತಡವರಿಸಿದ. ಮಗಳಿಗೆ ತಾನರಿಯದ ಗುಟ್ಟೊಂದು ಇರಲಿ ಎಂದು ಒಪ್ಪುವುದು, ಆ ಊರಲ್ಲಿ, ಆ ಹಾಳೆ ಇನ್ನೂ ಕಿಸೆಯಲ್ಲಿದ್ದಾಗ, ಸುಲಭವೇ? ಆದರೂ ಎಲ್ಲರೊಡನೆ ಹೊರಗೆ ಹೋಗಿ ನಿಂತ. ನನಗೋ ಗಾಬರಿಗೆ ಒಂದು ಶಬ್ದವೂ ಹೊಳೆಯುತ್ತಿಲ್ಲ. ಕೊನೆಗೇನೋ ಒತ್ತಿದೆ. ಅದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ.

ಗೋಡೆಯ ಹಲಗೆಯಲ್ಲಿ ಕೊನೆಯ ಸಾಲಿಗೆ ಬಣ್ಣ ಬಳಿದು, ನಿನ್ನ ಪಾಸ್‌ವರ್ಡ್ ನಿನ್ನದು, ಶಿಕ್ಷಕರಿಗೂ ಹೇಳಬೇಡ ಎಂದು ಬರೆಸಿದರು. ನನ್ನ ಹೆದರಿಕೆಗೆ ಅಂಥ ಬಣ್ಣ ಸಿಗಲಿಲ್ಲ. ತರಗತಿಯಲ್ಲಿ ಒಬ್ಬೊಬ್ಬಳ ಬೆನ್ನನ್ನೂ ನೋಡುತ್ತ, ಇವಳೇ ಇರಬಹುದೇ, ಅವಳೇ ಇರಬಹುದೇ ಎಂದು ಗಣಿತದ ಪಾಠವನ್ನೇ ಕಳೆದುಕೊಂಡೆ. ಹತ್ತನೆಯ ಇಯತ್ತೆಯ ಬೀಳ್ಕೊಡುಗೆಯ ದಿನ ಗೆಳತಿಯೊಬ್ಬಳು ನನ್ನ ಎರಡೂ ಕೈ ಹಿಡಿದುಕೊಂಡು ಬಹಳ ಅತ್ತಳು, ಏನನ್ನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅಗಲುವ ದುಃಖವೇ ಇದ್ದಿರಬಹುದು. ಮೋರಟಗಿಯ ಮಾತು ತಾನಾಗಿ ತಣ್ಣಗಾಯಿತು, ನಾನು ಕಾಲೇಜಿಗೂ ಹೋದೆ.

ಸಭೆ ಮುಗಿಸಿ ಮಗಳೊಡನೆ ಹೊರಗೆ ಬಂದಾಗ ಬಿಸಿಲು ಚುರುಗುಟ್ಟುತ್ತಿತ್ತು. ಕಬ್ಬಿನ ಹಾಲಿನ ಗಾಡಿಯ ನೆರಳಿಗೆ ನಿಂತೆವು. ನಿಜ ಹೇಳಬೇಕೆಂದರೆ, ಮಗಳ ಪಾಸ್‌ವರ್ಡುಗಳನ್ನೆಲ್ಲ ಕೇಳಿ ಇಟ್ಟುಕೊಳ್ಳಬೇಕೆಂದು ಮುಂಜಾನೆಯಷ್ಟೇ ಗಟ್ಟಿ ಮಾಡಿಕೊಂಡಿದ್ದೆ. ತಾಯಿಯಾದ ಮೇಲೆ ನನ್ನೊಳಗೂ ಒಬ್ಬ ಕಾಕಾ ಬಂದು ಕೂತಿದ್ದಾನೆ. ಬಾಯಿಗೆ ಬಂದ ಆ ಮಾತನ್ನು ನುಂಗಿ ಬೇರೆ ಕೇಳಿದೆ.

"ನಿನ್ನ ಹೆಸರಿಲೆ ಯಾರರ ಏನರ ಬರದ್ರ, ಮೊದಲ ನನ್ನ ಮುಂದ ಹೇಳ್ತಿ?"

ಅವಳು ಗ್ಲಾಸಿನಿಂದ ತುಟಿ ತೆಗೆದು ನನ್ನನ್ನು ನೋಡಿದಳು. ಈ ಹಳೆಯ ಕಥೆಯನ್ನು ನಾನು ಅವಳಿಗೆ ಎಂದೂ ಹೇಳಿದವಳಲ್ಲ.

"ಹೇಳ್ತೀನಿ ಮಮ್ಮಿ. ಆದ್ರ ಮಂದಿ ಮಾತು ನಂಬೂಕಿಂತ ಮೊದಲ ನೀ ನನ್ನ ಕೇಳ್ತಿ?"

ಕೇಳುತ್ತೇನೆ ಎಂದೆ. ಅವಳು ಅದನ್ನು ನಂಬಿ ಮತ್ತೆ ಕುಡಿಯತೊಡಗಿದಳು. ಅಷ್ಟು ಸಲೀಸಾಗಿ ನಂಬಿದಳಲ್ಲ ಎಂದು ನನಗೆ ಹೊಸದೊಂದು ಹೆದರಿಕೆ ಹುಟ್ಟಿದೆ. ಆ ದಿನ ಬಂದರೆ ನನಗೆ ಕೇಳಲಿಕ್ಕೆ ಬಾಯಿ ಬರಬೇಕು.