ಎಂಟನೆಯ ಕುರ್ಚಿ

ದೆವ್ವ, ಪವಾಡ, ಶಕುನ ಎಂದು ಯಾರಾದರೂ ಮಾತೆತ್ತಿದರೆ ಎದ್ದು ಹೋಗುವ ಜಾತಿ ನನ್ನದು. ಕುಂದಾಪುರದವನು, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸ್ಟೆನೋ ಆಗಿದ್ದು ಕೊಚ್ಚಿಯಲ್ಲೇ ನಿವೃತ್ತನಾದವನು. ಕೇಳಿದ್ದನ್ನು ಕೇಳಿದಷ್ಟೇ ಬರೆದು ಅಭ್ಯಾಸ. ಇದನ್ನೂ ಹಾಗೆಯೇ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಿವೃತ್ತಿಯ ನಂತರ ಒಬ್ಬ ಹಿರಿಯ ಆರ್ಚ್‌ಬಿಷಪ್ಪರ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೆ. ಇಲ್ಲಿಯವರಂತೆ ನಾನೂ ಅವರನ್ನು ಪಿತಾವು ಎನ್ನುತ್ತಿದ್ದೆ. ಮೂವತ್ತು ವರ್ಷ ಪೋಪರ ರಾಯಭಾರಿಯಾಗಿ ದೇಶ ದೇಶ ಸುತ್ತಿ, ರೋಮಿನಲ್ಲಿ ಆಡಳಿತ ನಡೆಸಿ, ಫೋರ್ಟ್ ಕೊಚ್ಚಿಗೆ ಮರಳಿದ್ದರು. ಸಂಧಾನಕ್ಕೆ ಕೂರುವ ಮೊದಲು ಕುರ್ಚಿಗಳನ್ನು ತಾವೇ ಹಾಕುವುದು ಅವರ ಪದ್ಧತಿ. ಕರೆದವರೆಷ್ಟೋ ಅಷ್ಟೇ ಕುರ್ಚಿ. ಒಂದು ಖಾಲಿ ಇದ್ದರೂ ಯಾರಾದರೂ ತಮ್ಮ ಕಡೆಯವನನ್ನು ಕರೆದು ಕೂರಿಸುತ್ತಾರೆ, ಜಗಳ ಮತ್ತೆ ಮೊದಲಿನಿಂದ ಶುರು.

ತಿರುವನಂತಪುರದ ಕಡಲಂಚಿನ ಒಂದು ಚರ್ಚಿನವರು ಎರಡು ಬಣವಾಗಿ, ಸ್ಮಶಾನದ ಗೇಟಿಗೆ ತಮ್ಮ ತಮ್ಮ ಬೀಗ ಜಡಿದಿದ್ದರು. ಒಬ್ಬ ಮುದಿ ಮೀನುಗಾರನ ಹೆಣ ಆರು ದಿನದಿಂದ ಶವಾಗಾರದಲ್ಲಿತ್ತು. ರಾಜಿ ಮಾಡಿಸಲು ಒಪ್ಪಿದ್ದ ಪಿತಾವಿಗೆ ಹಿಂದಿನ ದಿನ ಎದೆನೋವು ಬಂತು. ಬೆಳಿಗ್ಗೆಯೇ ಆಪರೇಷನ್ ಎಂದರು ಡಾಕ್ಟರು. ಪಿತಾವು ನನ್ನ ಕೈ ಹಿಡಿದು, "ನೀವು ಹೋಗಿ ಸಾರೇ. ಎರಡೂ ಕೀಲಿ ಸಿಗದೆ ಏಳ್ಬೇಡಿ," ಎಂದರು. ಏಳುವುದಿಲ್ಲ ಎಂದು ಮಾತು ಕೊಟ್ಟೆ.

ಬೆಳಗಿನ ರೈಲಿಗೆ ಹೋದೆ. ಚರ್ಚಿನ ಸಭಾಂಗಣದಲ್ಲಿ ಆ ಕಡೆಗೆ ಮೂರು, ಈ ಕಡೆಗೆ ಮೂರು, ನನಗೊಂದು ಎಂದು ಏಳು ಕುರ್ಚಿ ಹಾಕಿದೆ. ಎರಡು ಸಲ ಎಣಿಸಿದೆ. ಇದ್ದ ಒಂದೇ ಬಾಗಿಲಿಗೆ ಬೀಗ ಹಾಕಿ, ಎದುರಿನ ಅಂಗಡಿಯಲ್ಲಿ ಅದನ್ನೇ ನೋಡುತ್ತ ಚಹಾ ಕುಡಿದೆ. ಹನ್ನೊಂದಕ್ಕೆ ಎಲ್ಲರನ್ನೂ ಕರೆದುಕೊಂಡು ಬಾಗಿಲು ತೆರೆದರೆ ಎಂಟು ಕುರ್ಚಿ ಇದ್ದವು. ಎಂಟನೆಯದು ಎರಡು ಬಣಗಳ ನಡುವೆ.

ಅದನ್ನು ತೆಗೆದಿಡಲು ಹೋಗುವಷ್ಟರಲ್ಲಿ, ಯಾರೂ ಕರೆಯದ ಮುದುಕಿಯೊಬ್ಬಳು ಒಳಗೆ ಬಂದು ಅದರಲ್ಲಿ ಕೂತಳು. ಸತ್ತವನ ಹೆಂಡತಿ, ಎರಡೂ ಬಣದವರ ಬಾಯಲ್ಲಿ ಅಮ್ಮಚ್ಚಿ. ಗಂಡಸರು ಹಳೆಯ ಕಾಗದ ತೋರಿಸಿದರು, ಕೂಗಾಡಿದರು. ಒಬ್ಬ ಎದ್ದು ಹೊರಟಾಗ ನಾನು ಬಾಗಿಲಿಗೆ ಅಡ್ಡ ನಿಂತೆ. ಎರಡು ಗಂಟೆ ಕಳೆದ ಮೇಲೆ ಮುದುಕಿ ಬಾಯಿ ಬಿಟ್ಟಳು.

"ಮಕ್ಕಳೇ, ಅವರಿಗೆ ಚಳಿ ಆಗಿಬರೋದಿಲ್ಲ. ಫ್ಯಾನ್ ಹಾಕಿದ್ರೂ ಬೈತಿದ್ರು. ಆರು ದಿನ ಆಯ್ತು, ಐಸಿನೊಳಗೆ ಮಲಗಿದ್ದಾರೆ."

ಮೊದಲು ಒಂದು ಕೀಲಿ, ಸ್ವಲ್ಪ ಹೊತ್ತಿಗೆ ಇನ್ನೊಂದು, ಅವಳ ಮಡಿಲಿಗೆ ಬಂದವು. ನನಗೆ ಅಳು ತಡೆಯಲಾಗಲಿಲ್ಲ. ಸಂಜೆಯೇ ಮಣ್ಣು ಮಾಡಿದರು.

ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಕೀಲಿ ಸಿಕ್ಕ ಸುದ್ದಿ ಪಿತಾವಿಗೆ ಯಾರಾದರೂ ಮುಟ್ಟಿಸಿರಬಹುದು. ಆದರೆ ಕುರ್ಚಿ ಹೆಚ್ಚಾದ ಸಂಗತಿಯನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಆ ಹನ್ನೊಂದು ಗಂಟೆಗೆ ಅವರು ಪ್ರಜ್ಞೆಯಿಲ್ಲದೆ ಆಪರೇಷನ್ ಟೇಬಲ್ಲಿನ ಮೇಲಿದ್ದರು. ಡಾಕ್ಟರನ್ನೇ ಕೇಳಿ ಖಚಿತ ಮಾಡಿಕೊಂಡೆ. ಇಂದಿಗೂ ನನ್ನ ಬುದ್ಧಿಗೆ ಇದು ಹರಿದಿಲ್ಲ. ನನ್ನನ್ನು ಕಂಡೊಡನೆ ಅವರು ಕೇಳಿದ್ದು ಇಷ್ಟೇ:

"ಅಮ್ಮಚ್ಚಿಗೆ ಏಳೋಕೆ ಕಷ್ಟ ಆಯ್ತಾ ಸಾರೇ? ಕೈ ಇರೋ ಕುರ್ಚಿ ಸಿಗ್ಲಿಲ್ಲ ನನಗೆ."