ಮಷೀನಿಗೆ ಹತ್ತದ ದನಿ

ನನ್ನ ದನಿ ಯಂತ್ರಕ್ಕೆ ಒಗ್ಗುವುದಿಲ್ಲ ಎಂದು ನಾನು ಹಲವು ವರ್ಷ ನಂಬಿಕೊಂಡಿದ್ದೆ. ಹಾಗೆಂದು ನನಗೆ ಹೇಳಿದವನು ನನ್ನ ಒಡಹುಟ್ಟಿದ ಅಣ್ಣ. ಬೇರೆ ಯಾರಾದರೂ ಹೇಳಿದ್ದರೆ ಜಗಳವಾಡುತ್ತಿದ್ದೆ. ಅಣ್ಣ ಹೇಳಿದನಲ್ಲ, ಅದಕ್ಕೇ ನಂಬಿದೆ.

ನಮ್ಮೂರು ಕಮಲಾಪುರ. ಅಪ್ಪನಿಗೆ ಬಾವಿ ನೀರಿನ ಬಾಳೆತೋಟವಿತ್ತು. ಕೆಂಪು ಬಾಳೆ, ಗೊನೆ ಮಾಗಿದರೆ ಹಿತ್ತಲೆಲ್ಲ ವಾಸನೆ. ಅಣ್ಣ ಕಲಬುರಗಿಯ ಶಹಾಬಜಾರದಲ್ಲಿ ಚಿಗವ್ವನ ಮನೆಯಲ್ಲಿದ್ದು ಓದುತ್ತಿದ್ದ. ನಾನು ಸ್ವಲ್ಪ ದೊಡ್ಡವಳಾದ ಮೇಲೆ ನನ್ನನ್ನೂ ಅಲ್ಲಿಗೆ ಕಳಿಸಿದರು. ಆಗ ನಿಜಾಮನ ಆಳ್ವಿಕೆ, ಸಾಲೆಯಲ್ಲಿ ಎಲ್ಲವೂ ಉರ್ದು. ಕನ್ನಡದ ಅಕ್ಷರ ಮನೆಯಲ್ಲಿ ಅಣ್ಣನೇ ತಿದ್ದಿಸಿದ.

ರಜೆಗೆ ಊರಿಗೆ ಹೋಗುವುದೆಂದರೆ ಅದೊಂದು ದೊಡ್ಡ ಪ್ರಯಾಣ. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಏರು ಬಂದರೆ ಬಸ್ಸು ಏದುಸಿರು ಬಿಟ್ಟು ನಿಂತುಬಿಡುವುದು. ಎಲ್ಲರೂ ಇಳಿದು ನಡೆಯಬೇಕು, ಗಂಡಸರು ನೂಕಬೇಕು. ಹಾಗೆ ನಿಂತಾಗಲೆಲ್ಲ ಅಣ್ಣ ರಸ್ತೆ ಬದಿಯಲ್ಲಿ ಟ್ರಂಕನ್ನು ಬೋರಲು ಹಾಕಿ ತಾಳ ಹಾಕುತ್ತಿದ್ದ, ನಾನು ಹಾಡುತ್ತಿದ್ದೆ. ಒಲೆ ಊದುತ್ತಿದ್ದ ಕ್ಲೀನರ್ ಕೂಡ ಊದುವುದನ್ನು ಬಿಟ್ಟು ಕೇಳುತ್ತಿದ್ದ. ಡ್ರೈವರ್ ಬೈದ ಮೇಲೆಯೇ ಅವನಿಗೆ ಎಚ್ಚರ.

ಚಿಗವ್ವನ ಗಂಡ ಕಾಕಾನ ಹತ್ತಿರ ಕೀಲಿ ಕೊಡುವ ಗ್ರಾಮೋಫೋನು ಇತ್ತು. ಅದರ ಮುಂದೆ ಕೂತು ಅಣ್ಣ ಒಮ್ಮೆ ಕೇಳಿದ್ದನ್ನು ಹಾರ್ಮೋನಿಯಂ ಮೇಲೆ ಇದ್ದಹಾಗೇ ತೆಗೆಯುತ್ತಿದ್ದ. ಅವನಿಗೆ ಕೇಳಿದ್ದನ್ನು ಹಿಡಿಯುವ ಶಕ್ತಿ ಇತ್ತು. ನನಗೆ ಎಲ್ಲೂ ಕೇಳದ ಧಾಟಿ ಬಾಯಿಗೆ ಬರುತ್ತಿತ್ತು. ಪಾತ್ರೆ ತಿಕ್ಕುವಾಗ, ಕಸ ಗುಡಿಸುವಾಗ ಸುಮ್ಮನೆ ಬಂದುಬಿಡುತ್ತಿತ್ತು. "ಇದು ಎಲ್ಲಿಂದ ತಂದಿ?" ಎಂದು ಅಣ್ಣ ಕೇಳುತ್ತಿದ್ದ. ನನಗೇನು ಗೊತ್ತು? ಆಗ ಅವನ ಮುಖದ ಮೇಲೆ ಒಂದು ತರಹದ ಸುಸ್ತು ಕಾಣುತ್ತಿತ್ತು. ಓದಿ ದಣಿದಿದ್ದಾನೆ ಎಂದುಕೊಳ್ಳುತ್ತಿದ್ದೆ.

ನಿಜಾಮನ ಕಡೆಯ ರಜಾಕಾರರ ಗದ್ದಲ ಹೆಚ್ಚಾದ ವರ್ಷ, ಮಳೆಗಾಲದಲ್ಲಿ, ಚಿಗವ್ವನ ಮನೆಯವರು ಗಡಿಯಾಚೆಯ ಸೊಲ್ಲಾಪುರಕ್ಕೆ ಹೊರಟರು. ನಮ್ಮನ್ನೂ ಜೊತೆಗೆ ಕರೆದುಕೊಂಡರು. ಅಪ್ಪ ಅವ್ವ ತೋಟ ಬಿಟ್ಟು ಬರಲಿಲ್ಲ. ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತ ಹೋಗಿ ಒಂದು ಧರ್ಮಶಾಲೆಯ ಪಡಸಾಲೆಯಲ್ಲಿ ಬಿದ್ದುಕೊಂಡೆವು. ಊರಿನ ಸುದ್ದಿ ಏನೂ ಇಲ್ಲ. ಬಂದವರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಒಂದು ದಿನ ಮೋಡ ನಮ್ಮೂರ ದಿಕ್ಕಿನಿಂದ ಬಂದು ಪಡಸಾಲೆಯ ತಗಡಿನ ಮೇಲೆ ಸುರಿಯತೊಡಗಿತು. ನಾನು ಅಳುತ್ತಾ ಹಾಡತೊಡಗಿದೆ:

ಮುಗಿಲೇ ನೀ ಯಾವೂರ ಮುಗಿಲೇ
ನಮ್ಮೂರ ದಾಟಿ ಬಂದೀಯೇನ
ಬಾಳಿಯ ಎಲಿಮ್ಯಾಲ ಹನಿಯಾಗಿ ಬಿದ್ದಾಗ
ನಮ್ಮವ್ವನ್ನ ಕಂಡೀಯೇನ

ಪಡಸಾಲೆಯಲ್ಲಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಎಲ್ಲರ ಅವ್ವಂದಿರೂ ಗಡಿಯ ಆ ಕಡೆಯೇ ಇದ್ದರು. ಅಣ್ಣ ನನ್ನ ತಲೆ ಸವರಿ, "ರಾಜ್ಯ ಬದಲಾಗಲಿ ತಂಗಿ. ನಿನ್ನ ಹೈದರಾಬಾದಿಗೆ ಕರಕೊಂಡು ಹೋಗ್ತೀನಿ. ರೇಡಿಯೋದಾಗ ಇಬ್ಬರೂ ಕೂಡೇ ಹಾಡಮಿ" ಎಂದ.

ರಾಜ್ಯ ಬದಲಾಯಿತು. ಪೋಲೀಸ್ ಆಕ್ಷನ್ ಮುಗಿದ ಮೇಲೆ ತಿರುಗಿ ಬಂದೆವು. ಶಹಾಬಜಾರದಲ್ಲಿ ನಮಗೆ ಪರಿಚಯವಿದ್ದ ಕೆಲವು ಮುಸಲ್ಮಾನರ ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಆ ಮನೆಗಳವರು ಎಲ್ಲಿ ಹೋದರೆಂದು ಯಾರೂ ಜೋರಾಗಿ ಕೇಳುತ್ತಿರಲಿಲ್ಲ. ಅಪ್ಪ ಅವ್ವ ಬದುಕಿದ್ದರು. ತೋಟ ಅರ್ಧ ಹಾಳಾಗಿತ್ತು.

ಅಣ್ಣ ಮಾತಿಗೆ ತಪ್ಪಲಿಲ್ಲ, ಕರೆದುಕೊಂಡೇ ಹೋದ. ವಾಡಿಯಲ್ಲಿ ಗಾಡಿ ಬದಲಿಸಿ ಹೈದರಾಬಾದಿಗೆ ಹೋದೆವು. ಅಷ್ಟು ದೂರ ನಾನು ಹೋದದ್ದು ಅದೇ ಮೊದಲು. ರೇಡಿಯೋ ಕೇಂದ್ರದಲ್ಲಿ ಹಾಡಿಸಿ ನೋಡುವ ಕೋಣೆಯ ಗೋಡೆಗಳಿಗೆಲ್ಲ ಬಟ್ಟೆ ಹೊದಿಸಿದ್ದರು. ಕಾಲ ಕೆಳಗೆ ದಪ್ಪ ಜಮಖಾನೆ. ನಡುವೆ ಜಾಳಿಗೆಯ ಡಬ್ಬಿಯಂಥ ಮೈಕು ನಿಂತಿತ್ತು, ಗಾಜಿನ ಆ ಕಡೆ ಸಾಹೇಬರು ಕೂತಿದ್ದರು. ತಬಲಾಕ್ಕೆ ಕೂತವರು ರಾಯಚೂರು ಕಡೆಯ ಹಿರಿಯರು. ನಾನು ಮೈಕಿನಿಂದ ದೂರ ಸರಿದು ನಿಂತದ್ದನ್ನು ನೋಡಿ, "ಹೆದರಬ್ಯಾಡವಾ. ಅದು ಕಚ್ಚಂಗಿಲ್ಲ, ಬರೇ ಕೇಳ್ತದ" ಎಂದರು. ನಾನು ಮುಗಿಲ ಹಾಡು ಹಾಡಿದೆ. ಆ ಕೋಣೆಯಲ್ಲಿ ಸ್ವಲ್ಪವೂ ಮಾರುದನಿ ಇರಲಿಲ್ಲ. ಬಾಯಿಂದ ಹೊರಟದ್ದು ಎಲ್ಲಿಗೋ ಹೋಗಿಬಿಡುತ್ತಿತ್ತು. ಆಮೇಲೆ ಅಣ್ಣ ಹಾಡಿದ. ನನ್ನನ್ನು ಹೊರಗೆ ಬೇವಿನ ಗಿಡದ ಕೆಳಗೆ ಕೂರಲು ಹೇಳಿದರು.

ಬಹಳ ಹೊತ್ತಿನ ಮೇಲೆ ಅಣ್ಣ ಬಂದ.

"ಏನಂದ್ರು ಅಣ್ಣಾ?"

"ನಂದು ಆತು."

"ನಂದು?"

ಅವನು ನನ್ನ ಪಕ್ಕದಲ್ಲಿ ಕೂತ. "ನಿನ್ನ ದನಿ ಮಷೀನಿಗೆ ಹತ್ತಂಗಿಲ್ಲಂತ, ತಂಗಿ. ಎದುರು ಕುಂತು ಕೇಳಿದ್ರ ಚಲೋ ಅದ. ಮೈಕಿನಾಗ ಹೊಕ್ಕರ ತಗಡು ಕೆರದಂಗ ಆಗ್ತದಂತ."

"ಇನ್ನೊಮ್ಮಿ ಹಾಡಲೇನು? ಸಣ್ಣಗ ಹಾಡ್ತೀನಿ."

"ಬ್ಯಾಡ. ನಿಂದೇನು ತಪ್ಪಿಲ್ಲ. ಕೆಲವರ ದನಿ ಹಂಗೇ ಇರ್ತಾವ."

ಆ ಸಂಜೆ ಅವನು ನನಗೆ ಕೈತುಂಬ ಬಳೆ ಇಡಿಸಿದ. ತಿರುಗಿ ಬರುವಾಗ ರೈಲಿನ ಕಿಟಕಿಯ ಕಡೆ ನನ್ನನ್ನೇ ಕೂರಿಸಿ, ಬಿಸಿಲು ಬಿದ್ದಾಗ ತನ್ನ ಟವೆಲ್ ಕಟ್ಟಿ ನೆರಳು ಮಾಡಿಕೊಟ್ಟ. ಇಷ್ಟು ಒಳ್ಳೆಯ ಅಣ್ಣ ಯಾರಿಗಿದ್ದಾನೆ ಎಂದು ನಾನು ಅಂದುಕೊಂಡದ್ದು ನೆನಪಿದೆ.

ಆಮೇಲೆ ನನಗೆ ಯಂತ್ರಗಳ ಮುಂದೆ ಬಾಯಿ ತೆರೆಯಲು ನಾಚಿಕೆ. ಗ್ರಾಮೋಫೋನು ಹಚ್ಚಿದ್ದರೆ ಆ ಕೋಣೆಯಲ್ಲಿ ಮಾತಾಡುತ್ತಿರಲಿಲ್ಲ. ಮುಂದೆ ಒಮ್ಮೆ ಪರಿಚಯದವರ ಅಂಗಡಿಯಲ್ಲಿ ಟೆಲಿಫೋನಿನಲ್ಲಿ ಯಾರೋ ನನ್ನನ್ನು ಕೇಳಿದಾಗ, ನನ್ನ ಮಾತು ಅವರ ಕಿವಿಗೆ ತಗಡಿನಂತೆ ಕೇಳುತ್ತದೆಂದು ಹೆದರಿ ಬರೇ "ಹೂಂ, ಹೂಂ" ಎಂದು ಇಟ್ಟುಬಿಟ್ಟೆ. ಜನರ ಮುಂದೆ ಹಾಡುವುದೂ ಕಡಿಮೆಯಾಯಿತು. ಧಾಟಿಗಳು ಮಾತ್ರ ಬರುವುದು ನಿಲ್ಲಲಿಲ್ಲ. ಅಣ್ಣ ಹೈದರಾಬಾದಿನಿಂದ ಬಂದಾಗಲೆಲ್ಲ, "ಹೊಸಾದು ಏನರ ಅದ ಏನು?" ಎಂದು ಕೇಳುತ್ತಿದ್ದ. ನನ್ನ ದನಿ ರೇಡಿಯೋಕ್ಕೆ ಹೋಗದಿದ್ದರೂ ಹಾಡಾದರೂ ಹೋಗಲಿ ಎಂದು ನಾನು ಖುಷಿಯಿಂದ ಕೊಡುತ್ತಿದ್ದೆ.

ಕಮಲಾಪುರದಲ್ಲಿ ಕಿರಾಣಿ ಅಂಗಡಿಯವರ ಮನೆಗೆ ಬ್ಯಾಟರಿ ರೇಡಿಯೋ ಬಂತು. ಮಾಳಿಗೆಯ ಮೇಲೆ ಎರಡು ಬಿದಿರು ನೆಟ್ಟು ತಂತಿ ಬಿಗಿದಿದ್ದರು. ಅಣ್ಣ ಹಾಡುವ ಸಂಜೆ ಓಣಿಯ ಮಂದಿಯೆಲ್ಲ ಅವರ ಅಂಗಳದಲ್ಲಿ ಸೇರಿದರು. ನಾನು ಅವ್ವನ ಜೊತೆ ಕಂಬಕ್ಕೆ ಒರಗಿ ಕೂತೆ. ಮೊದಲು ಗರಗರ ಸದ್ದು. ಆಮೇಲೆ ಒಬ್ಬರು ಅಣ್ಣನ ಹೆಸರು ಹೇಳಿ, ಹಾಡು ಮತ್ತು ಧಾಟಿ ಎರಡೂ ಅವನದೇ ಎಂದರು. ಬಂದದ್ದು ನನ್ನ ಮುಗಿಲ ಹಾಡು. ಅಣ್ಣನ ಜೊತೆ ಒಬ್ಬ ಹುಡುಗಿ ಹಾಡುತ್ತಿದ್ದಳು. ಚೆನ್ನಾಗಿಯೇ ಹಾಡಿದಳು. 'ನಮ್ಮವ್ವನ್ನ ಕಂಡೀಯೇನ' ಎಂಬಲ್ಲಿ ನಮ್ಮವ್ವ ಸೆರಗು ಮುಖಕ್ಕೆ ಹಿಡಿದು ಬಿಕ್ಕತೊಡಗಿದಳು.

"ಮಗ ಅಂದ್ರ ಹಿಂಗಿರಬೇಕು ನೋಡ್ರಿ, ಅಷ್ಟು ದೂರ ಹೋದ್ರೂ ಅವ್ವನ್ನ ನೆನಸ್ತಾನ" ಎಂದರು ಅಂಗಡಿಯವರು.

ಮುಂದಿನ ಸಲ ಅಣ್ಣ ಬಂದಾಗ, "ನಿನ್ನ ಹಾಡು ಅಂದ್ರಲ್ಲ?" ಎಂದು ಕೇಳಿದೆ. "ಹೆಣ್ಮಕ್ಕಳ ಹೆಸರು ರೇಡಿಯೋದಾಗ ಕೂಗಿದ್ರ ನಾಳಿ ನಿನಗ ವರ ಸಿಗಬೇಕಲ್ಲ, ಹುಚ್ಚಿ" ಎಂದು ನಕ್ಕ. ಅದೂ ನಿಜವೇ ಇರಬೇಕು ಎನ್ನಿಸಿತು.

ವರ ಸಿಕ್ಕಿದ. ಕಲಬುರಗಿಯ ಗಾಜಿಪುರದ ಮನೆ, ಸಾಲೆಯ ಮಾಸ್ತರು, ಒಳ್ಳೆಯ ಮನುಷ್ಯ. ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಒಂದು ಬೇಸಿಗೆಯಲ್ಲಿ, ಅಲ್ಲೇ ಜಗತ್ ಓಣಿಯ ಹತ್ತಿರ ನಮ್ಮ ಪೈಕಿಯ ಒಂದು ಮದುವೆಯಲ್ಲಿ ಅಣ್ಣನ ಹಾಡು ಇಟ್ಟಿದ್ದರು. ಅವನ ಜೊತೆ ರಾಯಚೂರು ಕಡೆಯ ಆ ತಬಲಾದ ಹಿರಿಯರೂ ಬಂದಿದ್ದರು. ಅಣ್ಣ ಹಾರ್ಮೋನಿಯಂ ತರಲು ಹೋಗಿದ್ದ. ನಾನು ಅವರಿಗೆ ಚಹಾ ಕೊಡುತ್ತಿದ್ದಾಗ ಕಣ್ಣು ಕಿರಿದು ಮಾಡಿ ನೋಡಿದರು.

"ನೀ ಆ ಮುಗಿಲ ಹಾಡಿನ ಹುಡುಗಿ ಅಲ್ಲೇನು? ಎಷ್ಟು ದೊಡ್ಡಾಕಿ ಆಗೀದಿ! ಹಾಡಾಕತ್ತೀಯೋ, ಬಿಟ್ಟಿಯೋ?"

"ಎಲ್ಲಿ ಹಾಡ್ಲಿ ಅಜ್ಜಾ? ನನ್ನ ದನಿ ಮಷೀನಿಗೆ ಹತ್ತಂಗಿಲ್ಲಂತ ನೀವೇ ಹೇಳಿದ್ರಲ್ರೀ."

"ಯಾರು?" ಅವರು ನಕ್ಕರು. "ಆವತ್ತು ಸಾಹೇಬ್ರು ಗಾಜಿನ ಹಿಂದಿಂದ ಎದ್ದು ಬಂದಿದ್ರಲ್ಲವಾ, ಈ ಹುಡುಗಿ ಬೇಕೇ ಬೇಕು ಅಂತ! ನಿಮ್ಮಣ್ಣಗ ಇನ್ನೊಂದೆರಡು ವರ್ಷ ಕಲತು ಬಾ ಅಂದಿದ್ರು. ತಂಗಿಗೆ ಮದುವಿ ಗೊತ್ತಾಗ್ಯಾದ, ಮನ್ಯಾಗ ಕಳಸಂಗಿಲ್ಲ, ಹಾಡು ಹೆಂಗೂ ನಾನೇ ಕಟ್ಟಿದ್ದು, ನಾ ಹಾಡ್ತೀನಿ ಅಂತ ಅಂವ ಕೈ ಮುಗದ. ಹಾಡಿನ ಸಲುವಾಗಿ ತಗೊಂಡ್ರು." ಹೇಳುತ್ತಾ ಹೇಳುತ್ತಾ ನನ್ನ ಮುಖ ನೋಡಿ ಅವರ ನಗು ನಿಂತಿತು. "ನಿನಗ ಗೊತ್ತಿರಲಿಲ್ಲೇನು?"

ಆಗ ನನಗೆ ಮದುವೆ ನಿಶ್ಚಯವೇ ಆಗಿರಲಿಲ್ಲ. ವರ ನೋಡುವ ಮಾತೂ ಇರಲಿಲ್ಲ.

ಆ ಸಂಜೆ ಅಣ್ಣ ಹಾಡುವಾಗ ನಾನು ಮಗಳನ್ನು ಎತ್ತಿಕೊಂಡು ಹಿಂದೆ ಅಡುಗೆಯ ಪೆಂಡಾಲಿನಲ್ಲಿ ನಿಂತಿದ್ದೆ. ಸಿಟ್ಟು ಕೂಡಲೇ ಬರಲಿಲ್ಲ. ಮೊದಲು ಬಂದದ್ದು ನಾಚಿಕೆ. ಟೆಲಿಫೋನಿನ ಮುಂದೆ ಹೂಂಗುಟ್ಟಿದ್ದು, ರೇಡಿಯೋ ಇದ್ದ ಮನೆಯಲ್ಲಿ ಪಿಸುಮಾತಾಡಿದ್ದು, ಇವೆಲ್ಲ ಒಂದೊಂದಾಗಿ ನೆನಪಾದವು. ಒಬ್ಬ ಮನುಷ್ಯ ಬೇವಿನ ಗಿಡದ ಕೆಳಗೆ ಕೂತು ಹೇಳಿದ ಒಂದು ಮಾತಿಗೆ ನಾನು ಇಷ್ಟು ವರ್ಷ ಕುಗ್ಗಿ ಬದುಕಿದ್ದೆ.

ಮರುದಿನ ಬೆಳಿಗ್ಗೆ ಅವನು ಗಾಜಿಪುರಕ್ಕೆ ಊಟಕ್ಕೆ ಬಂದ. ತಾಟು ಇಡುವ ಮೊದಲೇ ಕೇಳಿದೆ.

"ಅಣ್ಣಾ, ನನ್ನ ದನಿ ತಗಡು ಕೆರದಂಗ ಅಂತ ಯಾರು ಹೇಳಿದ್ರು?"

ಅವನು ನನ್ನ ಗಂಡನ ಕಡೆ ನೋಡಿದ. ನನ್ನ ಗಂಡ ಮಗಳನ್ನು ಎತ್ತಿಕೊಂಡು ಹೊರಗೆ ಹೋದರು.

"ಇಬ್ಬರಿಗೂ ಜಾಗಾ ಇರಲಿಲ್ಲ ತಂಗಿ. ನಿನಗ ಎಂದಿದ್ರೂ ಮದುವಿ ಆಗ್ತಿತ್ತು. ನನಗ ಅದು ಬಿಟ್ಟು ಬ್ಯಾರೆ ಏನು ಬರ್ತಿತ್ತು ಹೇಳು?"

"ಅಷ್ಟೇ ಹೇಳಬೇಕಿತ್ತು. ನೀ ಹೋಗು ಅಂತಿದ್ದೆ ನಾ. ಮಷೀನಿನ ಸುಳ್ಳು ಯಾಕ ಹೇಳಿದಿ?"

"ಖರೇ ಹೇಳಿದ್ರ ನೀ ಹಾಡೂದು ಬಿಡ್ತಿದ್ದಿಲ್ಲ." ಇದನ್ನು ಅವನು ತಲೆ ತಗ್ಗಿಸಿ, ಬಹಳ ಸಣ್ಣಗೆ ಹೇಳಿದ. ಅವನು ಹೇಳಿದ ಮಾತುಗಳಲ್ಲಿ ಇದೊಂದು ಮಾತ್ರ ಪೂರ್ತಿ ನಿಜವಿರಬೇಕು.

ನಾನು ಒಂದೇ ಕೇಳಿಕೊಂಡೆ, ಅವ್ವನಿಗಾದರೂ ಹೇಳು ಎಂದು. ಆ ಹಾಡು ಮಗನದು ಎಂದು ಅವಳು ಅತ್ತಿದ್ದಳು, ಅವಳಿಗಾದರೂ ನಿಜ ಗೊತ್ತಾಗಲಿ. ಅವನು ಕಣ್ಣೊರೆಸಿಕೊಂಡು, "ನಾನೇ ಹೇಳ್ತೀನಿ. ನಾಳಿ ಮುಂಜಾನಿ ಬಸ್ಸಿಗೆ ಕೂಡೇ ಹೋಗಮಿ" ಎಂದ.

ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅವನು ಇರಲಿಲ್ಲ. ಒಂದು ಬಸ್ಸು ಬಿಟ್ಟೆ, ಎರಡನೆಯದನ್ನೂ ಬಿಟ್ಟೆ. ಬಿಸಿಲು ಏರಿ ಮಗಳು ಅಳತೊಡಗಿದಳು. ಅವನು ರೈಲಿನ ಕಡೆ ಹೋಗಿದ್ದನ್ನು ನೋಡಿದೆ ಎಂದು ಪರಿಚಯದ ಟಾಂಗಾದವನು ಹೇಳಿದ. ಮೂರನೆಯ ಬಸ್ಸಿಗೆ ನಾನೊಬ್ಬಳೇ ಹೋದೆ. ಈಗಿನ ಬಸ್ಸು ಎಲ್ಲೂ ನಿಲ್ಲಲಿಲ್ಲ, ಏರುಗಳನ್ನು ಸುಲಭವಾಗಿ ಹತ್ತಿತು. ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು, ಮಗಳ ಮೇಲೆ ಒದ್ದೆ ಬಟ್ಟೆ ಹೊದಿಸಿಕೊಂಡು ಕೂತಿದ್ದೆ.

ಅವ್ವ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಗಳನ್ನು ಅವಳ ತೊಡೆಯ ಮೇಲೆ ಹಾಕಿ ಎಲ್ಲವನ್ನೂ ಹೇಳಿದೆ. ಅವಳು ಮೊರದಲ್ಲಿ ಕೇರುವುದನ್ನು ನಿಲ್ಲಿಸಿದಳು. ಆದರೆ ಆಶ್ಚರ್ಯಪಡಲಿಲ್ಲ.

"ನನಗ ಗೊತ್ತಿತ್ತವ್ವಾ" ಎಂದಳು.

"ಯಾವಾಗಿಂದ?"

"ಆವತ್ತು ಹೈದರಾಬಾದಿಂದ ಬಂದ ಮರುದಿನಾನೇ ನನ್ನ ಮುಂದ ಹೇಳಿ ಅತ್ತ. ನಾನೇ ಸುಮ್ಮನಿರು ಅಂದೆ. ಹರೇದ ಹುಡುಗಿನ್ನ ಪರ ಊರಾಗ ಹೆಂಗ ಬಿಡೂದು? ಅವನರ ಒಂದು ನೌಕರಿ ಹಿಡದ್ರ ಮನಿ ನಿಲ್ತದ ಅಂತ ತಿಳ್ಕೊಂಡೆ. ತೋಟಂತೂ ಅರ್ಧ ಹೋಗಿತ್ತು."

"ಮತ್ತ ರೇಡಿಯೋ ಮುಂದ ಯಾಕ ಅತ್ತಿ?"

"ನಿನ್ನ ಹಾಡು ಅಂತ ಗೊತ್ತಿತ್ತಲ್ಲ, ಅದಕ್ಕ. ನೀ ಬಾಜೂಕ ಕುಂತು ಸುಮ್ಮನ ಕೇಳಾಕತ್ತಿದ್ದಿ."

ಅಣ್ಣನ ಸುಳ್ಳನ್ನು ಹೇಗೋ ತಡೆದುಕೊಂಡಿದ್ದೆ. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಬಾವಿಯ ಕಡೆಗೆ ನಡೆದುಹೋಗಿ ಬಾಳೆಯ ಸಾಲಿನ ನಡುವೆ ಕೂತು ಅತ್ತೆ. ಅವ್ವ ಬಂದು ಕರೆಯಲಿಲ್ಲ. ಮಗಳನ್ನು ಎತ್ತಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತೇ ಇದ್ದಳು.

ನನ್ನ ಗಂಡ ಒಮ್ಮೆ, "ಈಗರ ಹೋಗಿ ಹಾಡಿ ಬಾ, ನಾ ಕರಕೊಂಡು ಹೋಗ್ತೀನಿ" ಎಂದಿದ್ದರು. ಮಗಳಿಗೆ ಜ್ವರ, ಆಮೇಲೆ ಮಗ ಹೊಟ್ಟೆಯಲ್ಲಿ, ಹೀಗೆ ಮುಂದೆ ಹೋಯಿತು. ಅಷ್ಟರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದರು. ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಹೈದರಾಬಾದು ಪರರಾಜ್ಯವಾಯಿತು. ಅಣ್ಣ ಅಲ್ಲಿಯೇ ಉಳಿದ.

ಮರುವರ್ಷ ಪಂಚಮಿಗೆ ಅವನು ನನ್ನನ್ನು ಕರೆಯಲು ಗಾಜಿಪುರಕ್ಕೆ ಬಂದ. ಎಂದಿನಂತೆ ಬಂದ, ಕೈಯಲ್ಲಿ ಮಕ್ಕಳಿಗೆ ಉಂಡಿ, ನನಗೆ ಕುಪ್ಪಸದ ಖಣ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಜಿಟಿಜಿಟಿ ಮಳೆ, ಬಾಯಲ್ಲಿ ಏನೋ ಒಂದು ಹೊಸ ಧಾಟಿ ಬರುತ್ತಿತ್ತು. ಅವನು ಬಾಗಿಲಿಗೆ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ.

"ಏನದು ಹಾಡಾಕತ್ತಿದ್ದಿ? ಭಾಳ ಚಲೋ ಅದ. ಇನ್ನೊಮ್ಮಿ ಅನ್ನು."

"ಏನಿಲ್ಲ ಅಣ್ಣಾ" ಎಂದೆ. "ಕೈಕಾಲ್ ತೊಳ್ಕೊಂಡು ಬಾ, ರೊಟ್ಟಿ ಆರ್ತಾವ."