ಸೂಜಿಯಣ್ಣ ಹುಡುಕಿದ ಗುರಿಗಾಜು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಾಣಿ ರಕ್ಷಣಾ ಕೇಂದ್ರದ ಹಿತ್ತಲಿನಲ್ಲಿ ಹುಲ್ಲು ತುಂಬಿದ ಗೋಣಿಚೀಲ. ಅದರ ಮೇಲೆ ಸುಣ್ಣದಲ್ಲಿ ಬರೆದ ಜಿಂಕೆಯ ತೊಡೆ. ಎದುರಿಗೆ ಮೊಣಕಾಲೂರಿ ಕುಳಿತವರನ್ನು ಎಲ್ಲರೂ ಸೂಜಿಯಣ್ಣ ಎನ್ನುತ್ತಾರೆ. ಅವರ ಬಂದೂಕಿನಿಂದ ಹಾರುವುದು ಗುಂಡಲ್ಲ, ಅರಿವಳಿಕೆ ಮದ್ದಿನ ಸೂಜಿ. ಊರಿಗೆ ನುಗ್ಗಿದ ಪ್ರಾಣಿಯನ್ನು ಮಲಗಿಸಿ ಕಾಡಿಗೆ ಮರಳಿಸುವುದು ಕೆಲಸ. ಮರುದಿನ ಪತ್ರಿಕೆಯ ಫೋಟೊದಲ್ಲಿ ಪ್ರಾಣಿ ಇರುತ್ತದೆ, ಡಾಕ್ಟರು ಇರುತ್ತಾರೆ. ಇವರ ಮೊಣಕೈ ಕಂಡರೆ ಹೆಚ್ಚು.

“ತೊಡೆಗೆ ಬಿದ್ರೆ ನಿದ್ದೆ. ತಪ್ಪಿ ಪಕ್ಕೆಗೆ ಬಿದ್ರೆ ಪ್ರಾಣಕ್ಕೇ ಸಂಚಕಾರ,” ಎನ್ನುತ್ತಾರೆ.

ಬಂದೂಕಿನ ಮೇಲೆ ಕೂರಿಸಿ ಗುರಿ ನೋಡಲು ಹೊಸ ಗುರಿಗಾಜು ಬೇಕೆಂದಾಗ ಅವರ ಮನಸ್ಸು ಮೊದಲು ಹೋದದ್ದು ರೆಡ್ ಡಾಟ್ ಕಡೆಗೆ. ಗಾಜಿನ ನಡುವೆ ಒಂದೇ ಕೆಂಪು ಚುಕ್ಕಿ, ಎರಡೂ ಕಣ್ಣು ತೆರೆದೇ ಹೊಡೆಯಬಹುದು. ಓಡುವ ಪ್ರಾಣಿಗೆ ಹೇಳಿ ಮಾಡಿಸಿದ್ದು. ಆದರೆ ಇವರಿಗೆ ಆ ಚುಕ್ಕಿ ಒಡೆದ ಟೊಮೆಟೊದಂತೆ ಹರಡಿ ಕಂಡಿತು. ಮಾಲೇ ಸರಿಯಿಲ್ಲವೆಂದು ಅಂಗಡಿಯವನ ಮೇಲೆ ಹರಿಹಾಯ್ದು ಬದಲಾಯಿಸಿ ತಂದರು. ಅದೂ ಹಾಗೇ.

ಹೆಂಡತಿ ಮೊಬೈಲನ್ನು ಗಾಜಿನ ಹಿಂದೆ ಹಿಡಿದು ಫೋಟೊ ತೆಗೆದರು. ಫೋಟೊದಲ್ಲಿ ಚುಕ್ಕಿ ದುಂಡಗಿತ್ತು.

“ಗಾಜು ನೆಟ್ಟಗಿದೆ ಕಣ್ರೀ. ಹೋಗಿ ಕಣ್ಣು ತೋರಿಸ್ಕೊಂಡು ಬನ್ನಿ,” ಎಂದರಂತೆ.

ತೋರಿಸಿದಾಗ ಕಣ್ಣಿನ ಹೊರಪದರ ಕೊಂಚ ಡೊಂಕಾಗಿರುವುದು ತಿಳಿಯಿತು. ಕನ್ನಡಕ ಹಾಕಿದರೆ ಮಂಜಿನಲ್ಲಿ ಅದೇ ಮುಸುಕಾಗುತ್ತದೆ. ವಿಷಯ ಹೊರಬಿದ್ದರೆ ಬಂದೂಕು ಕೈತಪ್ಪುತ್ತದೆಂಬ ಭಯವಿತ್ತು. ಆದರೂ ಕೊನೆಗೆ ತಾವೇ ಹೋಗಿ ಕೇಂದ್ರದ ಡಾಕ್ಟರಮ್ಮನಿಗೆ ಹೇಳಿದರು.

“ಗೋಣಿಚೀಲಕ್ಕೆ ಹೊಡೆದು ತೋರಿಸಿ. ಒಂದು ತಪ್ಪಿದ್ರೂ ಬಂದೂಕು ಬೇರೆಯವರಿಗೆ,” ಎಂದರು ಅವರು.

ಇಂದು ಆ ಪರೀಕ್ಷೆ. ಬಂದೂಕಿನ ಮೇಲೆ ಈಗಿರುವುದು ರೆಡ್ ಡಾಟ್ ಅಲ್ಲ, ಬೆಳಗುವ ಗೆರೆಯ ದುರ್ಬೀನು. ಇದರಲ್ಲಿ ಗೆರೆಯನ್ನು ಗಾಜಿನಲ್ಲೇ ಕೊರೆದಿರುತ್ತಾರೆ. ಹಿಂಬದಿಯ ಬಳೆ ತಿರುಗಿಸಿದರೆ ಅದು ಇವರ ಕಣ್ಣಿಗೂ ತಿಳಿಯಾಗುತ್ತದೆ. ಬ್ಯಾಟರಿ ಕೈಕೊಟ್ಟರೂ ಕಪ್ಪಾಗಿ ಉಳಿಯುತ್ತದೆ. ಗೆರೆಯ ಬೆಳಕು ಹೆಚ್ಚಾದರೆ ಮಾತ್ರ ಮಬ್ಬಿನಲ್ಲಿ ಪ್ರಾಣಿಯೇ ಕಾಣದು. ಹಾಗಾಗಿ ಅದನ್ನು ಆರುವ ಕೆಂಡದಷ್ಟಕ್ಕೆ ಇಳಿಸುತ್ತಾರೆ. ಉಸಿರು ಬಿಗಿಹಿಡಿದು ಹೊಡೆಯುತ್ತಾರೆ. ಮತ್ತೆ ಹೊಡೆಯುತ್ತಾರೆ.

ಡಾಕ್ಟರಮ್ಮ ಚೀಲದ ಹತ್ತಿರ ಹೋಗಿ ಬಗ್ಗಿ ನೋಡುತ್ತಾರೆ. ಎಲ್ಲ ಸೂಜಿಗಳೂ ಸುಣ್ಣದ ಗೆರೆಯೊಳಗಿವೆ. “ಬಂದೂಕು ನಿಮ್ಮದೇ,” ಎನ್ನುತ್ತಾರೆ.

ಸೂಜಿಯಣ್ಣ ನಗುವುದಿಲ್ಲ.

“ಮುಂದಿನ ವರ್ಷಾನೂ ಹೀಗೇ ನೋಡಿ ಡಾಕ್ಟ್ರೇ. ನನ್ನ ಕೈಲಿ ಹೊಡೆಸ್ಕೊಂಡ ಪ್ರಾಣಿಗಳೆಲ್ಲ ಇವತ್ತಿನವರೆಗೂ ಎದ್ದು ಓಡಿಹೋಗಿವೆ. ಏಳದೇ ಬಿದ್ದಿರೋ ಪ್ರಾಣೀನ ನಾನು ನೋಡೋ ಮೊದಲೇ ಈ ಬಂದೂಕನ್ನ ಕಿತ್ಕೊಂಡುಬಿಡಿ.”